ಹಲ್ಲು ಹಿರೇಕೆರೂರಲ್ಲಿ, ಅತ್ತೆ ಉಡುಪಿಯಲ್ಲಿ

ಎಂಟು ದಿನಕ್ಕೆಂದು ಹೋದ ಅತ್ತೆ ಎರಡು ತಿಂಗಳಾದರೂ ಮರಳಿ ಬರಲಿಲ್ಲವೆಂದರೆ ಲೋಕದ ಸೊಸೆಯಂದಿರು ಏನು ಮಾಡುತ್ತಾರೆ? ದೇವರ ಮುಂದೆ ಇನ್ನೊಂದು ದೀಪ ಹೆಚ್ಚಿಗೆ ಹಚ್ಚುತ್ತಾರೆ. ಹಿರೇಕೆರೂರಿನ ನೀಲಾಂಬಿಕಾ ಮಾತ್ರ ಸಿಟ್ಟಿಗೆದ್ದಿದ್ದಳು. ಅಂತಿಂಥ ಸಿಟ್ಟಲ್ಲ. ಬೆಳಗ್ಗೆ ಪಾತ್ರೆ ತಿಕ್ಕುವಾಗ ಶುರುವಾದದ್ದು ರಾತ್ರಿ ಹಾಸಿಗೆ ಕೊಡವುವವರೆಗೂ ಇಳಿಯುತ್ತಿರಲಿಲ್ಲ. ಆ ಎರಡು ತಿಂಗಳಲ್ಲಿ ಮನೆಯ ಎರಡು ಚಮಚ ಸೊಟ್ಟಗಾದವು, ಒಂದು ಬಾಗಿಲಿನ ಚಿಲಕ ಕಿತ್ತುಬಂತು.

ಸಿಟ್ಟಿಗೆ ಕಾರಣ ಇಲ್ಲದಿರಲಿಲ್ಲ. ಓಣಿಯ ಮಹಿಳಾ ಮಂಡಳದವರು ಈ ವರ್ಷದ ‘ಆದರ್ಶ ಸೊಸೆ’ ಪ್ರಶಸ್ತಿಗೆ ನೀಲಾಂಬಿಕಾಳ ಹೆಸರು ಆರಿಸಿದ್ದರು. ಶ್ರಾವಣದ ಮೊದಲ ಸೋಮವಾರ ಸಮಾರಂಭ. ಮಂಡಳದ ಅಧ್ಯಕ್ಷೆ ಯಮುನಾಬಾಯಿ ನಿವೃತ್ತ ಶಿಕ್ಷಕಿ, ನಿಯಮ ಎಂದರೆ ನಿಯಮ. ಆ ನಿಯಮದ ಪ್ರಕಾರ ಸೊಸೆಗೆ ಶಾಲು ಹೊದಿಸಬೇಕಾದವಳು ಸಾಕ್ಷಾತ್ ಅತ್ತೆಯೇ. ಅತ್ತೆ ಫಕ್ಕೀರವ್ವ ನೋಡಿದರೆ ಉಡುಪಿಯಲ್ಲಿ, ಕಿರಿಯ ಮಗ ರುದ್ರೇಶನ ಮನೆಯಲ್ಲಿ ಬೇರು ಬಿಟ್ಟು ಕುಳಿತಿದ್ದಳು. ಓಣಿಯಲ್ಲಿ ಆಗಲೇ ಗುಸುಗುಸು ಎದ್ದಿತ್ತು. ನಲ್ಲಿಯ ಹತ್ತಿರ ಒಬ್ಬಳು ‘ಅತ್ತಿನ್ನ ಓಡಿಸ್ಯಾಳಂತ’ ಎಂದದ್ದು ನೀಲಾಂಬಿಕಾಳ ಕಿವಿಗೇ ಬಿದ್ದಿತ್ತು. ಇಪ್ಪತ್ತಾರು ವರ್ಷ ಸಂಸಾರ ಮಾಡಿ ಗಳಿಸಿದ ಹೆಸರು ಒಂದು ಕೊಡ ನೀರು ತುಂಬುವಷ್ಟರಲ್ಲಿ ಹೋಯಿತಲ್ಲ ಎಂದು ಆಕೆ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಮನೆಗೆ ಬಂದಿದ್ದಳು.

ಫೋನು ಮಾಡಿ ಕರೆದರೆ ಬರುತ್ತಾಳೆಯೇ? ಕರೆದಾಗಲೆಲ್ಲ ಫಕ್ಕೀರವ್ವ ಆ ಊರನ್ನು ಮೆಚ್ಚಲು ಹೊಸದೊಂದು ಕಾರಣ ಹೇಳುತ್ತಿದ್ದಳು.

“ಇಲ್ಲೆ ಹವಾ ಭಾಳ ಚೊಲೋ ಐತವ್ವ. ನನ್ನ ಹಿಮ್ಮಡ ಒಡದಿದ್ದವಲ್ಲ, ಎಲ್ಲಾ ಕೂಡಿಬಿಟ್ಟಾವ.”

“ವ್ಯಾಸಲೀನ್ ಹಚ್ಚಿದ್ರ ಇಲ್ಲೂ ಕೂಡ್ತಿದ್ದವು, ಅತ್ತಿ.”

ಮರುದಿನ ಇನ್ನೊಂದು. “ಸಮುದ್ರ ನೋಡಿದೆವ್ವಾ! ಅದರ ಮುಂದ ನಮ್ಮ ಊರ ಕೆರಿ ಒಂದು ತಂಬಿಗಿ.”

(ಹಿರೇಕೆರೂರಿನವಳಾಗಿ ಕೆರೆಗೆ ಹೀಗೆ ಅನ್ನಬಹುದೆ? ಊರಿನ ಹೆಸರಿನಲ್ಲೇ ಕೆರೆಯಿದೆ, ಅದೂ ಹಿರಿಯದು!)

ಮೂರನೆಯ ಕಾರಣ ಮಾತ್ರ ನೇರ ಎದೆಗೇ ನಾಟಿತು. ರುದ್ರೇಶ ಮತ್ತು ಅವನ ಹೆಂಡತಿ ಶೀಲಾ ಇಬ್ಬರಿಗೂ ಮಂಗಳೂರಿನಲ್ಲಿ ನೌಕರಿ. ಮನೆ ಉಡುಪಿಯಲ್ಲಿ. ದಿನಾ ಬೆಳಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬಸ್ಸು ಹತ್ತಿ ಬರುತ್ತಿದ್ದರು. ಆ ಕಟ್ಟಡದ ಅರ್ಧ ಮಂದಿಯ ಬಾಳುವೆಯೂ ಅದೇ.

“ಮುಂಜಾನೆ ಎಂಟಕ್ಕ ಸೊಸಿ ಮನಿ ಬಿಟ್ಟಳಂದ್ರ ಸಂಜಿ ಏಳಕ್ಕ ಬರ್ತಾಳ” ಎಂದು ಫಕ್ಕೀರವ್ವ ಬಾಯ್ತುಂಬ ಹೊಗಳಿದಳು. “ಹನ್ನೊಂದು ತಾಸು ಆಕಿ ಮಾರಿ ನಾ ನೋಡಂಗಿಲ್ಲ, ನನ್ನ ಮಾರಿ ಆಕಿ ನೋಡಂಗಿಲ್ಲ. ಸಂಜಿಕ ಬಂದಾಗ ಎಷ್ಟು ಪ್ರೀತಿ ಬರ್ತೈತಿ ಅಂತೀ!”

“ಅಂದ್ರ ನಾನೂ ದಿನಾ ಎದ್ದು ಹಾವೇರಿಗಿ ಹೋಗಿ ಬಸ್ ಸ್ಟ್ಯಾಂಡಿನ್ಯಾಗ ಕುಂತು ಬರಬೇಕೇನ್ರಿ?”

“ಹೋಗಿ ಬಾರವ್ವ. ಸರಕಾರಿ ಬಸ್ಸು ಹೆಣ್ಮಕ್ಕಳಿಗಿ ಪುಕ್ಕಟೆ ಐತಲ್ಲ.”

ನೀಲಾಂಬಿಕಾ ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ಕುಕ್ಕಿದಳು. ಗಂಡ ಪರಮೇಶ್ವರಪ್ಪ ಬೀಜ ಗೊಬ್ಬರದ ಅಂಗಡಿಯಿಂದ ಊಟಕ್ಕೆ ಬಂದು ಕುಳಿತಿದ್ದ. ಗೋವಿನಜೋಳಕ್ಕೆ ಮೇಲುಗೊಬ್ಬರ ಹಾಕುವ ಗದ್ದಲದಲ್ಲಿ ಅವನಿಗೆ ಅವ್ವನನ್ನು ಕರೆತರಲು ಪುರುಸೊತ್ತಿರಲಿಲ್ಲ. ಇದ್ದಿದ್ದರೂ ಹೋಗುತ್ತಿದ್ದನೆಂದು ಹೇಳಲಾಗದು.

“ಅವ್ವ ಖುಷಿ ಅದಾಳಲ್ಲ, ಬಿಡು” ಎಂದ.

“ಅದಕ್ಕ ಅಲ್ರಿ ನನಗ ಸಿಟ್ಟು ಬಂದಿರೂದು! ಅಲ್ಲೆ ತ್ರಾಸಾಗಿ ಅಳಕೋತ ಕುಂತಿದ್ರ ನಾ ಯಾಕ ಸಿಟ್ಟಾಗ್ತಿದ್ದೆ?”

ಪರಮೇಶ್ವರಪ್ಪ ರೊಟ್ಟಿಯನ್ನು ಸಾರಿನಲ್ಲಿ ಮುಳುಗಿಸಿ ಅದು ನೆನೆಯುವವರೆಗೆ ಗೋಡೆ ನೋಡುತ್ತ ಕುಳಿತ. ಅದು ಅವನ ರೂಢಿ.

ಇಲ್ಲಿ ನೀಲಾಂಬಿಕಾಳ ರೊಟ್ಟಿಯ ವಿಷಯ ಹೇಳಲೇಬೇಕು. ವಾರಕ್ಕೆರಡು ದಿನ ಬೆಳಗ್ಗೆ ಕುಳಿತು ಬುಟ್ಟಿ ತುಂಬ ಜೋಳದ ಖಡಕ್ ರೊಟ್ಟಿ ಬಡಿದಿಡುತ್ತಿದ್ದಳು. ಬೆಳಕಿಗೆ ಹಿಡಿದರೆ ಬೆರಳು ಕಾಣಬೇಕು, ಅಷ್ಟು ತೆಳು. ಮುರಿದರೆ ಪಡಸಾಲೆಗೆ ಕೇಳಿಸಬೇಕು, ಅಷ್ಟು ಗಟ್ಟಿ. ಹಾನಗಲ್ಲಿನ ಬೀಗರು, ಸವಣೂರಿನ ನೆಂಟರು ಬಂದಾಗಲೆಲ್ಲ ಕಟ್ಟಿಸಿಕೊಂಡು ಹೋಗುತ್ತಿದ್ದರು. ಆ ರೊಟ್ಟಿಯ ಬಗ್ಗೆ ತಕರಾರು ಇದ್ದದ್ದು ಒಂದೇ ಬಾಯಿಗೆ. ಫಕ್ಕೀರವ್ವನ ಕೊನೆಯ ಹಲ್ಲು ನಾಲ್ಕು ವರ್ಷದ ಹಿಂದೆಯೇ ರಾಜೀನಾಮೆ ಕೊಟ್ಟು ಹೋಗಿತ್ತು. ಮಗ ಹಾವೇರಿಯಲ್ಲಿ ಹಲ್ಲಿನ ಸೆಟ್ಟು ಮಾಡಿಸಿಕೊಟ್ಟಿದ್ದರೂ ಅದನ್ನು ಆಕೆ ಮದುವೆಯ ಫೋಟೋಕ್ಕೆ ಮಾತ್ರ ಹಾಕಿಕೊಳ್ಳುತ್ತಿದ್ದಳು.

ಸಂಜೆಯಾದರೆ, “ಒಂದ ಒಂದು ಬಿಸಿ ರೊಟ್ಟಿ ಬಡಿಯವ್ವ, ಮೆತ್ತಗಿರ್ತೈತಿ” ಎನ್ನುವಳು.

“ಬುಟ್ಟಿ ತುಂಬ ಅದಾವಲ್ರಿ. ಸಾರಿನ್ಯಾಗ ನೆನಿಸಿಕೊಳ್ರಿ” ಎಂದು ನೀಲಾಂಬಿಕಾ ಟಿವಿಯ ಧಾರಾವಾಹಿಯಿಂದ ಕಣ್ಣು ತೆಗೆಯದೆ ಉತ್ತರಿಸುವಳು. ಒಂದು ರೊಟ್ಟಿಗಾಗಿ ಹಂಚು ಕಾಯಿಸುವುದೆಂದರೆ ಏನು, ಹುಡುಗಾಟವೇ? ಇದರಲ್ಲಿ ತನ್ನದೇನಾದರೂ ತಪ್ಪಿದೆಯೆಂದು ಆಕೆಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಈಗ ಅತ್ತೆಯನ್ನು ಮರಳಿ ಎಳೆಯಲು ಆಕೆ ಬಳಸಿದ ಬ್ರಹ್ಮಾಸ್ತ್ರವೂ ಅದೇ ರೊಟ್ಟಿ. ಅಲ್ಲಿ ಕುಚ್ಚಲಕ್ಕಿ ಗಂಜಿ ಕುಡಿದು ಕುಡಿದು ನಾಲಗೆ ಸತ್ತಿರುತ್ತದೆ, ಜೋಳದ ರುಚಿ ಹತ್ತಿದರೆ ತಾನಾಗಿ ಓಡಿಬರುತ್ತಾಳೆ ಎಂದು ಲೆಕ್ಕ ಹಾಕಿ, ಎಂಟು ದಿನಕ್ಕೊಮ್ಮೆ ಒಂದು ಗಂಟು ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿ ಬಸ್ಸಿನ ಪಾರ್ಸಲಿಗೆ ಹಾಕಿಸುತ್ತಿದ್ದಳು. ಅತ್ತೆ ಬರಲಿಲ್ಲ, ಫೋನು ಬಂತು: “ರೊಟ್ಟಿ ಮುಗದಾವವ್ವ, ಇನ್ನಷ್ಟು ಕಳಸು.” ನೀಲಾಂಬಿಕಾ ಹಲ್ಲು ಕಚ್ಚಿ ಮುಂದಿನ ಗಂಟಿನ ರೊಟ್ಟಿಗಳನ್ನು ಇನ್ನೂ ಖಡಕ್ಕಾಗಿ ಸುಟ್ಟು ಕಳಿಸಿದಳು.

ಹೀಗಿರುವಾಗ ಶ್ರಾವಣಕ್ಕೆಂದು ಮನೆ ತೊಳೆಯುತ್ತ ದೇವರ ಕೋಣೆಯ ಗೋಡೆಗೂಡಿಗೆ ಕೈ ಹಾಕಿದಳು. ವಿಭೂತಿ ಗಟ್ಟಿಯ ಹಿಂದೆ ಒಂದು ಸ್ಟೀಲಿನ ಡಬ್ಬಿ. ಮುಚ್ಚಳ ತೆಗೆದರೆ ಒಳಗಿನಿಂದ ಅತ್ತೆ ನಕ್ಕಂತಾಯಿತು. ಹಲ್ಲಿನ ಸೆಟ್ಟು! ಮೇಲಿನ ಸಾಲು, ಕೆಳಗಿನ ಸಾಲು, ಎರಡೂ.

ನೀಲಾಂಬಿಕಾ ಒದ್ದೆ ನೆಲದ ಮೇಲೆಯೇ ಕುಳಿತುಬಿಟ್ಟಳು. ಅತ್ತೆ ಅದನ್ನು ಉಡುಪಿಗೆ ಒಯ್ದಿದ್ದಾಳೆಂದೇ ಆಕೆ ತಿಳಿದಿದ್ದಳು. ಹಲ್ಲು ಇಲ್ಲಿದೆ. ಅತ್ತೆ ಅಲ್ಲಿದ್ದಾಳೆ. ರೊಟ್ಟಿಯೂ ಅಲ್ಲಿಗೇ ಹೋಗಿದೆ, ಮುಗಿದೂ ಹೋಗಿದೆ. ಹಾಗಾದರೆ ತಿಂದವರಾರು? ಶೀಲಾ! ಇಂಥ ರೊಟ್ಟಿಯನ್ನು ಡಬ್ಬಿಗೆ ತುಂಬಿಕೊಂಡು ಹೋಗಿ ಮಂಗಳೂರಿನ ಬಸ್ಸಿನಲ್ಲಿ ಗೆಳತಿಯರಿಗೆಲ್ಲ ಹಂಚುತ್ತಿದ್ದಾಳೆ. ಪಾಪ, ಹಲ್ಲಿಲ್ಲದ ಮುದುಕಿ ಮನೆಯಲ್ಲಿ ಗಂಜಿ ಕುಡಿದು, ಸೊಸೆ ಹೇಳಿಕೊಟ್ಟ ಹಾಗೆ ಫೋನಿನಲ್ಲಿ ಊರನ್ನು ಹೊಗಳುತ್ತಿದ್ದಾಳೆ. ಎರಡು ತಿಂಗಳ ಸಿಟ್ಟಿಗೆ ಕೊನೆಗೂ ಒಂದು ವಿಳಾಸ ಸಿಕ್ಕಿತು.

ಮರುದಿನ ಆದಿತ್ಯವಾರ. ಶೀಲಾ ಮನೆಯಲ್ಲಿ ಸಿಗುವ ದಿನ. ನೀಲಾಂಬಿಕಾ ಯಮುನಾಬಾಯಿಯನ್ನೂ ಮಂಡಳದ ಕಾರ್ಯದರ್ಶಿ ಗುಲ್ನಾರಳನ್ನೂ ಮನೆಗೆ ಕರೆದು, ಚಹಾ ಕೊಟ್ಟು, ಪಂಚರಂತೆ ಕೂರಿಸಿದಳು. “ಅತ್ತಿನ್ನ ಯಾರು ಚೊಲೋ ನೋಡ್ಕೋತಾರ ಅಂತ ಇವತ್ತ ಊರಿಗೆ ಗೊತ್ತಾಗಲಿ” ಎಂದು ವಿಡಿಯೋ ಕಾಲ್ ಹಚ್ಚಿ ಫೋನನ್ನು ನೀರಿನ ತಂಬಿಗೆಗೆ ಆನಿಸಿ ನಿಲ್ಲಿಸಿದಳು. ಪರಮೇಶ್ವರಪ್ಪ ಪೇಪರಿನ ಹಿಂದೆ ಅಡಗಿಕೊಂಡ.

“ನಮಸ್ಕಾರ್ರೀ ಅಕ್ಕಾ!” ಶೀಲಾಳ ಮುಖ ಕಾಣಿಸಿತು.

“ನಮಸ್ಕಾರ ಆಮ್ಯಾಲ. ಅತ್ತಿನ್ನ ಕರಿ.”

ಫಕ್ಕೀರವ್ವ ಬಂದಳು. ಗಂಜಿ ಕುಡಿದು ಸೊರಗಿರಬೇಕಾದವಳ ಗಲ್ಲ ತುಂಬಿಕೊಂಡು ಮಿರಿಮಿರಿ ಮಿಂಚುತ್ತಿತ್ತು. ನೀಲಾಂಬಿಕಾ ಸ್ವಲ್ಪ ಗಲಿಬಿಲಿಗೊಂಡರೂ ಹಿಂಜರಿಯದೆ ಹಲ್ಲಿನ ಸೆಟ್ಟನ್ನು ಎತ್ತಿ ಹಿಡಿದಳು.

“ಇದೇನ್ರಿ?”

“ನನ್ನ ಹಲ್ಲು.”

“ನಿಮ್ಮ ಹಲ್ಲು ನನ್ನ ಕೈಯಾಗ ಅದಾವು. ಅಂದ್ರ ನಾ ಕಳಿಸಿದ ಅಷ್ಟೂ ರೊಟ್ಟಿ ಯಾರ ಬಾಯಾಗ ಹೋದುವು? ಅಂಜಬ್ಯಾಡ್ರಿ, ಹೇಳ್ರಿ. ಇಲ್ಲೆ ದೊಡ್ಡ ಮಂದಿ ಕುಂತಾರ.”

“ನನ್ನ ಬಾಯಾಗ.”

“ಖಡಕ್ ರೊಟ್ಟಿ? ಹಲ್ಲಿಲ್ಲದ?”

“ಶೀಲಾ, ಫೋನ್ ಬಾಲ್ಕನಿ ಕಡೆ ಹಿಡಿ ನೋಡೂಣು.”

ಹೊರಗೆ ಜಡಿಮಳೆ. ಬಾಲ್ಕನಿಯ ತಂತಿಯ ಮೇಲೆ ಒಣಗದ ಬಟ್ಟೆಗಳು ತೂಗುತ್ತಿದ್ದವು. ಒಂದು ಟವೆಲ್ಲು, ರುದ್ರೇಶನ ಪ್ಯಾಂಟು, ಅವೆರಡರ ನಡುವೆ ಕ್ಲಿಪ್ಪು ಹಾಕಿ ಸಾಲಾಗಿ ನೇತುಹಾಕಿದ ಏಳು ಜೋಳದ ರೊಟ್ಟಿಗಳು! ಹಿರೇಕೆರೂರಿನಿಂದ ಖಡಕ್ಕಾಗಿ ಹೋದವು ಕಡಲ ತೇವಕ್ಕೆ ಜೋತುಬಿದ್ದು ಗಾಳಿಗೆ ಅಲ್ಲಾಡುತ್ತಿದ್ದವು. ಫಕ್ಕೀರವ್ವ ಒಂದನ್ನು ಬಿಚ್ಚಿಕೊಂಡಳು. ಕರವಸ್ತ್ರ ಮಡಚಿದ ಹಾಗೆ ಎರಡು ಮಡಿಕೆ ಮಾಡಿದಳು, ಮತ್ತೆ ಎರಡು ಮಡಿಕೆ ಮಾಡಿದಳು, ಚಟ್ನಿಗೆ ಒತ್ತಿ ಬಾಯಿಗಿಟ್ಟಳು. ಟಕ್ಕೆಂದು ಒಂದು ಸಪ್ಪಳವೂ ಬರಲಿಲ್ಲ.

“ನಾಕು ವರ್ಷ ನಿನಗ ಕೇಳಿದೆ, ಒಂದು ಮೆತ್ತಗಿನ ರೊಟ್ಟಿ ಕೊಡವ್ವ ಅಂತ” ಎಂದಳು ಅಗಿಯುತ್ತ. “ಈ ಊರು ನಾ ಕೇಳದಿದ್ರೂ ಕೊಡ್ತು ನೋಡು. ಸಂಜಿಕ ತಂತಿಗಿ ಹಾಕಿದ್ರ ಮುಂಜಾನಿಕ ತಯಾರು. ಇದಕ್ಕಿಂತ ಚೊಲೋ ಊರು ಎಲ್ಲೈತಿ?”

ಯಮುನಾಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ನೀಲಾಂಬಿಕಾ, ನಿಯಮದ ಪ್ರಕಾರ ನೋಡಿದ್ರ ಈ ಸಲದ ಪ್ರಶಸ್ತಿ ಆ ಅರಬ್ಬೀ ಸಮುದ್ರಕ್ಕ ಕೊಡಬೇಕಾಗ್ತದ.”

“ಶಾಲು ಭಾಳ ದೊಡ್ಡದು ಬೇಕಾಕ್ಕೈತ್ರಿ ಬಾಯಾರ” ಎಂದಳು ಗುಲ್ನಾರ, ಚಹಾದ ಕಪ್ಪಿನೊಳಗೇ ನಗುತ್ತ.

ನೀಲಾಂಬಿಕಾಳ ಮುಖ ಕೆಂಡದಂತಾಯಿತು. ಶೀಲಾಳ ಮೇಲೆ ಸಿಟ್ಟು ಮಾಡಲು ಕಾರಣ ಉಳಿಯಲಿಲ್ಲ. ಸಮುದ್ರದ ಮೇಲೆ ಸಿಟ್ಟು ಮಾಡಿದರೆ ಅದಕ್ಕೆ ಕೇಳಿಸುವುದಿಲ್ಲ. ಎರಡು ತಿಂಗಳಿನಿಂದ ತಾನೇ ಬಡಿದು, ತಾನೇ ಕಟ್ಟಿ, ತಾನೇ ಕಳಿಸಿ ಅತ್ತೆಯನ್ನು ಅಲ್ಲಿ ಕಟ್ಟಿಹಾಕಿದ್ದಳು. ನಾಲ್ಕು ವರ್ಷ ಪ್ರತಿ ಸಂಜೆ ‘ಒಂದ ಒಂದು’ ಎಂದು ಕೇಳಿದ ದನಿ ಈಗ ಕಿವಿಯಲ್ಲಿ ಗುಂಯ್‌ಗುಡತೊಡಗಿ, ಆಕೆಗೆ ನಾಚಿಕೆಯಾಯಿತು. ನಾಚಿಕೆಯಾದಾಗಲೂ ಆಕೆಗೆ ಸಿಟ್ಟಿನ ದನಿಯೇ ಬರುತ್ತಿತ್ತು.

“ಸಾಕು ಮಾಡ್ರಿ ಅತ್ತಿ! ಬರ್ರಿ ಮನಿಗಿ! ದಿನಾ ಸಂಜಿಕ ಏಳಕ್ಕ ಹಂಚು ಇಡ್ತೇನಿ, ಬಿಸಿ ರೊಟ್ಟಿ ಬಡೀತೇನಿ!”

“ಎಷ್ಟು ದಿನ?” ಎಂದಳು ಅತ್ತೆ ಫೋನಿನೊಳಗಿಂದ. “ಪ್ರಶಸ್ತಿ ತಗೊಳ್ಳೂತನಕ?”

“ನನ್ನ ಕೈಯಾಗ ಶಕ್ತಿ ಇರೂತನಕ!”

“ಯಮುನಾಬಾಯ್ರ, ಬರಕೊಂಡ್ರೇನ್ರಿ?” ಎಂದು ಫಕ್ಕೀರವ್ವ ಕೇಳಿದಳು.

“ಬರಕೊಂಡೆ” ಎಂದರು ಯಮುನಾಬಾಯಿ. ಮಂಡಳದ ನಡಾವಳಿ ಪುಸ್ತಕ ಆಗಲೇ ಅವರ ತೊಡೆಯ ಮೇಲಿತ್ತು.

ಮುಂದಿನ ಶನಿವಾರ ರುದ್ರೇಶ ಅವ್ವನನ್ನು ಬಿಟ್ಟುಹೋದ. ಸೋಮವಾರ ಸಮಾರಂಭ ನಡೆಯಿತು. ಫಕ್ಕೀರವ್ವ ಫೋಟೋಕ್ಕೆಂದು ಹಲ್ಲು ಹಾಕಿಕೊಂಡು ಸೊಸೆಗೆ ಶಾಲು ಹೊದಿಸಿದಳು. ಸೊಸೆಯ ಬಗ್ಗೆ ಎರಡು ಮಾತು ಆಡಿರೆಂದು ಮೈಕು ಕೊಟ್ಟರೆ ಉಡುಪಿಯ ಬಗ್ಗೆ ಕಾಲು ತಾಸು ಮಾತಾಡಿದಳು. ಸಮುದ್ರ, ಹಿಮ್ಮಡ, ಬೆಳಗ್ಗೆ ಎಂಟಕ್ಕೆ ಮನೆ ಖಾಲಿ ಮಾಡಿ ಹೋಗುವ ಸೊಸೆಯಂದಿರು, ತಂತಿಯ ಮೇಲಿನ ರೊಟ್ಟಿ, ಒಂದನ್ನೂ ಬಿಡಲಿಲ್ಲ. ಸಭೆ ಮುಗಿದ ಮೇಲೆ ಮೂವರು ಮುದುಕಿಯರು ಬಂದು ಉಡುಪಿಯ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಆದರ್ಶ ಸೊಸೆಯನ್ನೇ ಕೇಳಿದರು. ಬಹುಮಾನದ ಭಾರದ ಪೊಟ್ಟಣವನ್ನು ಗುಲ್ನಾರ ತಾನೇ ಆರಿಸಿ ತಂದಿದ್ದಳು. ಮನೆಗೆ ಬಂದು ಬಿಚ್ಚಿದರೆ ಒಳಗಿದ್ದದ್ದು ಹೊಸ ಕಬ್ಬಿಣದ ಹಂಚು.

ಅವತ್ತು ಸಂಜೆ ಏಳಕ್ಕೆ ಸರಿಯಾಗಿ ಅದು ಒಲೆ ಏರಿತು. ಟಿವಿಯಲ್ಲಿ ಧಾರಾವಾಹಿ ತನ್ನ ಪಾಡಿಗೆ ತಾನು ಅಳುತ್ತಿತ್ತು. ನೀಲಾಂಬಿಕಾ ಸಿಟ್ಟನ್ನೆಲ್ಲ ಹಿಟ್ಟಿಗೆ ಹಾಕಿ ನಾದಿ, ತಟಪಟನೆ ಬಡಿದು, ಹಬೆಯಾಡುವ ರೊಟ್ಟಿಯನ್ನು ಅತ್ತೆಯ ತಾಟಿಗೆ ಹಾಕಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಇಪ್ಪತ್ತಾರು ವರ್ಷ ರೊಟ್ಟಿ ನೆನೆಸಿಕೊಂಡೇ ತಿಂದ ಪರಮೇಶ್ವರಪ್ಪ ತನ್ನ ತಾಟನ್ನೂ ಮೆಲ್ಲಗೆ ಮುಂದೆ ಸರಿಸಿದ.

ಫಕ್ಕೀರವ್ವ ಒಂದು ತುತ್ತು ಮುರಿದು ಬಾಯಿಗಿಟ್ಟಳು. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದಳು.

“ಹ್ಯಾಂಗಾಗೇತ್ರಿ?”

“ಚೊಲೋ ಆಗೇತವ್ವ” ಎಂದಳು ಫಕ್ಕೀರವ್ವ. “ಆದರ ಉಡುಪಿದು ಇದಕ್ಕಿಂತ ಒಂಚೂರು ಮೆತ್ತಗಿತ್ತು.”

ನೀಲಾಂಬಿಕಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲ ಕಡೆ ಕಣ್ಣು ಹೋಯಿತು. ಉಡುಪಿಯಿಂದ ತಂದ ಚೀಲ ಶನಿವಾರ ಇಟ್ಟಲ್ಲೇ ಇತ್ತು, ಅತ್ತೆ ಅದರ ಗಂಟು ಇನ್ನೂ ಬಿಚ್ಚಿರಲಿಲ್ಲ. ಆಕೆ ಬಾಯಿ ಮುಚ್ಚಿಕೊಂಡು ಒಲೆಯ ಮುಂದೆ ಕುಳಿತು ಇನ್ನೊಂದು ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು.