ಗುಜರಿಯವನೂ ಬೇಡವೆಂದ ಕಾರು

ಮನೆಯ ಶೆಡ್ಡಿನಲ್ಲಿ ತುಕ್ಕು ಹಿಡಿದ ಹಳೆ ಕಾರೊಂದು ನಿಂತಿದ್ದರೆ ಬೇರೆ ಮನರಂಜನೆ ಬೇಡ. ಮದುವೆ ಕಾಗದ ಕೊಡಲು ಬಂದವರು, ಗ್ಯಾಸ್ ತಂದವರು, ದಾರಿ ಕೇಳಲು ನಿಂತವರು, ಎಲ್ಲರೂ ಒಮ್ಮೆ ಅದರ ಬಾನೆಟ್ ತಟ್ಟಿ, ಲೊಚಗುಟ್ಟಿ, ಒಂದು ಬುದ್ಧಿವಾದ ಹೇಳಿಯೇ ಹೋಗುವುದು. ನಮ್ಮಲ್ಲಿ ಇದು ವರ್ಷಗಳಿಂದ ನಡೆಯುತ್ತಿದೆ. ಹೇಳಿದವರಿಗೆ ಬಾಯಿ ನೋಯಲಿಲ್ಲ, ಕೇಳಿದ ನನಗೆ ಬುದ್ಧಿ ಬರಲಿಲ್ಲ.

ಕಾರು ಅಂಬಾಸಿಡರ್. ಪುತ್ತೂರಿನ ದರ್ಬೆಯಲ್ಲಿ ನಾನು ಹೆಂಗಸರಿಗೆ ಡ್ರೈವಿಂಗ್ ಕಲಿಸುತ್ತಿದ್ದ ಕಾಲದ್ದು. ಕಲಿಸುವವರಿಗೆಂದು ಎಡಗಡೆ ಸೀಟಿನ ಮುಂದೆಯೂ ಒಂದು ಬ್ರೇಕ್ ಇದೆ. ‘ಹೆಂಗಸು ಕಲಿಸುದಾ?’ ಎಂದು ನಕ್ಕ ಊರಿನ ಟೀಚರುಗಳು, ನರ್ಸುಗಳು, ನಕ್ಕವರದ್ದೇ ಹೆಂಡತಿಯರು, ಎಲ್ಲರೂ ಇದರಲ್ಲೇ ಕಲಿತು ಲೈಸೆನ್ಸ್ ತೆಗೆದರು. ಡ್ರೈವಿಂಗ್ ಶಾಲೆ ಮುಚ್ಚಿದ ಮೇಲೆ ಕಾರು ಮನೆಗೆ ಬಂದು ಕೂತಿತು, ತುಕ್ಕು ಹಿಡಿಯಿತು. ಅದನ್ನು ಸರಿ ಮಾಡಿಸಿ ಮತ್ತೆ ಓಡಿಸಬೇಕೆಂಬುದು ನನ್ನ ಹಟ. ಗುಜರಿಗೆ ಹಾಕಬೇಕೆಂಬುದು ನನ್ನ ಗಂಡನ ವಾದ.

ತೊಂದರೆ ಎಂದರೆ, ದುಡಿದು ಕೊಂಡದ್ದು ನಾನಾದರೂ ಅಂದಿನ ಹಿರಿಯರ ಮಾತಿಗೆ ಕಟ್ಟುಬಿದ್ದು ಕಾರನ್ನು ಗಂಡನ ಹೆಸರಿನಲ್ಲಿ ಮಾಡಿಸಿದ್ದೆವು. ಈಗ ಅದರ ಹಣೆಬರಹ ಅವರ ಸಹಿಯಲ್ಲಿ. ಅವರೋ ಪಂಚಾಯತಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ನಾಲ್ಕು ಜನರನ್ನು ಕೇಳದೆ ತೆಂಗಿನಕಾಯಿಯನ್ನೂ ಒಡೆಯುವವರಲ್ಲ. ಕಾರಿನ ವಿಷಯದಲ್ಲೂ ನಾಲ್ಕು ಜನರನ್ನು ಕೇಳಿ ತೀರ್ಮಾನ ಮಾಡುವುದೆಂದು ಹೇಳಿದರು. ನಾಲ್ಕು ಜನರನ್ನಲ್ಲ, ನಾಲ್ಕು ಊರನ್ನೇ ಕೇಳಿ, ಕಾರು ಇಲ್ಲಿಂದ ಕದಲುವುದಿಲ್ಲ ಎಂದೆ ನಾನು.

ಕಡಬದಿಂದ ಬಂದವ

ಮೊದಲು ಬಂದವ ಕಡಬದ ಗುಜರಿ ವ್ಯಾಪಾರಿ. ಅವನನ್ನು ಕರೆಸಿದ್ದೇ ಮೋಸ ಎಂದು ನನಗೆ ಗೊತ್ತಿತ್ತು. ಕಟುಕನನ್ನು ಕರೆದು ಆಡಿಗೆ ಆಯುಷ್ಯ ಎಷ್ಟು ಎಂದು ಕೇಳಿದ ಹಾಗೆ. ಆದರೂ ಬಂದವನಿಗೆ ಚಹಾ ಕೊಟ್ಟೆ. ನಮ್ಮ ಸಿಟ್ಟು ನಮ್ಮದು, ಮರ್ಯಾದೆ ಊರಿನದ್ದು.

ಅವನು ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು ಬಾಗಿಲಿನ ಕೆಳಗೆ ಚುಚ್ಚಿದ. ಸ್ಕ್ರೂಡ್ರೈವರ್ ಹಲಸಿನ ಹಣ್ಣಿಗೆ ಹೋದಂತೆ ಹೋಯಿತು. ಮಡ್‌ಗಾರ್ಡಿಗೆ ಚುಚ್ಚಿದ, ಅಲ್ಲೂ ಹೋಯಿತು. ಬಾನೆಟ್ ಮಾತ್ರ ಠಣ್ ಎಂದಿತು. ಅವನು ಕೆಳಗೆ ಉದುರಿದ ಕೆಂಪು ಪುಡಿಯನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಕೊಂಡು ಹೋಗುವುದು ಯಾವಾಗ ಎಂದು ನನ್ನ ಗಂಡ ಆಸೆಯಿಂದ ಕೇಳಿದರು.

“ಇಲ್ಲ ಮಾರಾಯ್ರೆ, ಲಾರಿಯಲ್ಲಿ ಹಾಕಿದ್ರೆ ದಾರಿಯಲ್ಲಿ ಆಲಂಕಾರು ಮುಟ್ಟುವಾಗಲೇ ಅರ್ಧ ಕಾರು ರಸ್ತೆಯಲ್ಲಿ ಇರ್ತದೆ,” ಎಂದ ಅವನು. “ನಾನು ತಗೊಳ್ಳುದು ಕಬ್ಬಿಣ. ಹುಡಿ ಎಲ್ಲ ನಿಮ್ಮ ಭಟ್ರ ಹೋಮಕ್ಕೆ ಆಗ್ತದಾ ಕೇಳಿ.”

ಅಣ್ಣನ ಔಷಧ

ಎರಡನೆಯ ಸಲಹೆಗಾರ ಮರ್ಕಂಜದ ನನ್ನ ಸ್ವಂತ ಅಣ್ಣ. ಅಡಿಕೆ ಬೆಳೆಗಾರ. ನಾವು ಮಾತಾಡುವುದು ಅರೆಭಾಷೆ. ಎಲ್ಲರಿಗೂ ತಿಳಿಯಲೆಂದು ಇಲ್ಲಿ ಬದಲಿಸಿ ಬರೆಯುತ್ತಿದ್ದೇನೆ, ಅದರಲ್ಲೇ ಕೇಳಿದರೆ ಸಿಟ್ಟು ಇನ್ನೂ ಹೆಚ್ಚು ಬರುತ್ತದೆ.

ಅಣ್ಣ ಸೊಂಟಕ್ಕೆ ಕೈಯಿಟ್ಟು ಕಾರಿಗೆ ಒಂದು ಸುತ್ತು ಬಂದ. ಡಿಕ್ಕಿ ತೆರೆದ. ಒಳಗೆ ನೋಡಿದರೆ ಡಿಕ್ಕಿಯ ತಳವೇ ಇಲ್ಲ, ಶೆಡ್ಡಿನ ನೆಲ ಕಾಣುತ್ತದೆ, ನೆಲದಲ್ಲಿ ಮಲಗಿದ ನಮ್ಮ ಬೆಕ್ಕು ಕಾಣುತ್ತದೆ. ಅಣ್ಣ ತಲೆ ಅಲ್ಲಾಡಿಸಿ, ಇದು ಸಮುದ್ರದ ಉಪ್ಪುಗಾಳಿಯ ಕೆಲಸ ಎಂದು ತೀರ್ಪು ಕೊಟ್ಟ. ಪುತ್ತೂರಿಗೆ ಯಾವ ಸಮುದ್ರ ಬಂದಿತ್ತೋ ದೇವರಿಗೇ ಗೊತ್ತು.

ನನಗೆ ತಡೆಯಲಾಗಲಿಲ್ಲ. ಮಳೆಗಾಲಕ್ಕೆ ಮೊದಲು ಅಡಿಕೆಗೆ ಕೊಳೆರೋಗ ಬಾರದಂತೆ ಸಿಂಪಡಿಸಲು ಮೈಲುತುತ್ತು ಒಯ್ಯಬೇಕೆಂದು ವರ್ಷವೂ ಈ ಕಾರನ್ನು ಕೇಳಿ ತೆಗೆದುಕೊಂಡು ಹೋದವ ಇವನೇ. ಕಳಿಸುವಾಗ ಬಿಳಿ ಕಾರು, ಬರುವಾಗ ಡಿಕ್ಕಿಯೆಲ್ಲ ನವಿಲಿನ ಕೊರಳಿನ ಬಣ್ಣ. ಒದ್ದೆ ಮೈಲುತುತ್ತು ಕಬ್ಬಿಣ ತಿನ್ನುತ್ತದೆ ಎಂದು ತೋಟದ ಕೆಲಸದವರಿಗೂ ಗೊತ್ತು. ಅದಕ್ಕೇ ಅದನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸುವುದು. ನಿನ್ನ ಡ್ರಮ್ಮಿಗೆ ಇದ್ದ ಮರ್ಯಾದೆ ನನ್ನ ಕಾರಿಗೆ ಇರಲಿಲ್ಲವಲ್ಲ ಎಂದು ಅವನ ಮುಖಕ್ಕೇ ಹೇಳಿದೆ. ಡಿಕ್ಕಿಯ ಅಂಚಿನಲ್ಲಿ ಇನ್ನೂ ಉಳಿದಿದ್ದ ನೀಲಿಯನ್ನು ಬೆರಳಿಟ್ಟು ತೋರಿಸಿದೆ.

ಅಣ್ಣ ಆ ನೀಲಿಯನ್ನು ನೋಡಿದ, ಬೆಕ್ಕನ್ನು ನೋಡಿದ, ನನ್ನನ್ನು ನೋಡಿದ. ಸ್ವಲ್ಪವೂ ನಾಚಲಿಲ್ಲ.

“ನೀನು ಎಂತ ಬೇಕಾದರೂ ಹೇಳು,” ಎಂದ. “ಇಷ್ಟು ವರ್ಷದಲ್ಲಿ ನಿನ್ನ ಡಿಕ್ಕಿಗೆ ಒಮ್ಮೆಯಾದರೂ ಕೊಳೆರೋಗ ಬಂದದ್ದುಂಟಾ?”

ಕವಡೆ

ಮನುಷ್ಯರಿಂದ ತೀರ್ಮಾನ ಆಗದಿದ್ದರೆ ನಮ್ಮ ಕಡೆ ಜೋಯಿಸರಲ್ಲಿ ಪ್ರಶ್ನೆ ಇಡುವುದು ಪದ್ಧತಿ. ದನ ಕಳೆದರೆ, ಬಾವಿ ತೋಡುವುದಿದ್ದರೆ, ಸಂಬಂಧ ಕೂಡದಿದ್ದರೆ ಕವಡೆ ಹಾಕಿ ನೋಡುತ್ತಾರೆ. ಕಾರಿಗೆ ಕವಡೆ ಹಾಕಿಸಿದವರು ನನ್ನ ಗಂಡ ಒಬ್ಬರೇ ಇರಬೇಕು. ಅವರ ಆಸೆ ಏನೆಂದರೆ, ತಾನು ಹೇಳಿದರೆ ಕೇಳದವಳು ಜೋಯಿಸರು ಹೇಳಿದರೆ ಕೇಳಿಯಾಳು ಎಂದು.

ಜೋಯಿಸರು ಮನೆಗೇ ಬಂದರು. ಜಗಲಿಯಲ್ಲಿ ಮಣೆ ಹಾಕಿ ಕವಡೆ ಹರಡಿದರು. ಇಂಥ ವಸ್ತು ಎಂದು ಹೇಳದೆ, ಬಹಳ ವರ್ಷದಿಂದ ಮನೆಯಲ್ಲಿರುವ ಒಂದನ್ನು ಇಟ್ಟುಕೊಳ್ಳುವುದೋ ಹೊರಗೆ ಹಾಕುವುದೋ ಎಂದಷ್ಟೇ ನನ್ನ ಗಂಡ ಕೇಳಿದರು. ನಾನು ಒಳಗಿನಿಂದಲೇ ಕೇಳಿಸಿಕೊಳ್ಳುತ್ತಿದ್ದೆ. ಗುಜರಿ ಎಂಬ ಮಾತು ಮನೆಯಲ್ಲಿ ಎದ್ದಂದಿನಿಂದ ನಾನು ಗಂಜಿ ಮತ್ತು ಉಪ್ಪಿನಕಾಯಿ ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಕೇಳಿದರೆ, ನಾಲ್ಕು ಜನರನ್ನು ಕೇಳಿ ಬನ್ನಿ, ಆಮೇಲೆ ಸಾರು ಮಾಡುತ್ತೇನೆ ಎನ್ನುತ್ತಿದ್ದೆ.

ಜೋಯಿಸರು ಕವಡೆ ಎಣಿಸಿ, ಕಣ್ಣು ಮುಚ್ಚಿ, ಗಂಭೀರವಾಗಿ ಹೇಳಿದರು. “ಇಲ್ಲಿ ಒಂದು ಸ್ತ್ರೀಸಾನ್ನಿಧ್ಯ ಕಾಣ್ತದೆ. ತುಂಬ ಕೋಪದಲ್ಲಿ ಉಂಟು. ಅದರ ಮನಸ್ಸು ನೋಯಿಸಿದರೆ ಯಜಮಾನನಿಗೆ ಅನ್ನ ದಕ್ಕುದಿಲ್ಲ.”

ನನ್ನ ಗಂಡ ನಿಟ್ಟುಸಿರು ಬಿಟ್ಟರು.

“ಸರಿ ಸ್ವಾಮಿ, ಆದ್ರೆ ಅದು ಶೆಡ್ಡಿನಲ್ಲಿ ಅಲ್ಲ. ಅಡಿಗೆಮನೆಯಲ್ಲಿ ಉಂಟು.”

ನೆಲ್ಯಾಡಿಯ ಚಿಕಿತ್ಸೆ

ನಾಲ್ಕನೆಯವರನ್ನು ಕರೆಸಿದ್ದು ನಾನು. ನೆಲ್ಯಾಡಿಯಲ್ಲಿ ರಬ್ಬರ್ ತೋಟ ಮಾಡಿಕೊಂಡಿರುವ, ತಾತನ ಕಾಲದಲ್ಲಿ ಕೇರಳದಿಂದ ಬಂದ ಮನೆತನದವರು. ಅವರ ಹೆಂಡತಿ ನನ್ನಲ್ಲೇ ಡ್ರೈವಿಂಗ್ ಕಲಿತವಳು. ಆ ಉಪಕಾರದ ನೆನಪಿನಿಂದ ಅವರು ಜೀಪಿನ ಹಿಂದೆ ರಬ್ಬರ್ ಶೀಟು ತುಂಬಿಸಿಕೊಂಡೇ ಬಂದರು. ಅವರಿಗೆ ರಬ್ಬರಿನಿಂದ ಆಗದ ಕೆಲಸ ಲೋಕದಲ್ಲಿ ಇಲ್ಲ. ಮನೆಯ ಮಾಡು ಸೋರಿದರೆ ರಬ್ಬರು, ಬಾಗಿಲು ಹೊಡೆದುಕೊಂಡರೆ ರಬ್ಬರು.

ಅರ್ಧ ದಿನ ಕೂತು ಕಾರಿನ ಒಳಗೆ ನೆಲದ ತೂತುಗಳೆಲ್ಲ ಮುಚ್ಚುವಂತೆ ಶೀಟು ಕತ್ತರಿಸಿ ಅಂಟಿಸಿದರು. ಅಂದವಾಗಿಯೇ ಕಂಡಿತು. ವಾಸನೆ ಮಾತ್ರ ಮೂರು ಮನೆಯಾಚೆಗೆ ಹೋಯಿತು. ನನ್ನ ಗಂಡ ಮೂಗು ಮುಚ್ಚಿಕೊಂಡು ಬಗ್ಗಿ ಕಾರಿನ ಅಡಿಯನ್ನು ನೋಡಿ, ಅಲ್ಲಿ ಕಬ್ಬಿಣವೇ ಇಲ್ಲವಲ್ಲ, ಇದೆಂಥ ರಿಪೇರಿ ಎಂದು ಆಕ್ಷೇಪಿಸಿದರು.

ನೆಲ್ಯಾಡಿಯವರು ಕೈ ಒರೆಸಿಕೊಳ್ಳುತ್ತಾ, “ಕಾರಲ್ಲಿ ಕೂತುಕೊಳ್ಳುದು ಮೇಲೆ ಅಲ್ವಾ ಸರ್? ನೀವು ಕೆಳಗಿಂದ ನೋಡುದು ಯಾಕೆ?” ಎಂದು ಕೇಳಿದರು.

ಪೇಟೆ ಸವಾರಿ

ನಾಲ್ಕು ಜನರದ್ದೂ ಮುಗಿಯಿತು. ನಾಲ್ವರಲ್ಲಿ ಒಬ್ಬರೂ ಗುಜರಿಗೆ ಹಾಕಿ ಎನ್ನಲಿಲ್ಲ. ಆದರೂ ನನ್ನ ಗಂಡನ ತೀರ್ಮಾನ ಗುಜರಿಯೇ. ಕಬಕದ ಆಚೆಗೆ ದೊಡ್ಡ ಗುಜರಿಯೊಂದು ಇದೆಯಂತೆ, ಅಲ್ಲಿ ಹುಡಿಯನ್ನೂ ತೆಗೆದುಕೊಳ್ಳುತ್ತಾರಂತೆ. ಸೋಮವಾರ ಒಯ್ಯುವುದೆಂದು ನಿಶ್ಚಯವಾಯಿತು. ನಾನು ಅಳಲಿಲ್ಲ. ಕಾರು ಹೋಗುವುದೇ ಆದರೆ ಇನ್ನೊಂದು ಗಾಡಿಯ ಬಾಲಕ್ಕೆ ಕಟ್ಟಿಸಿಕೊಂಡು ಹೋಗುವುದು ಬೇಡ, ಪೇಟೆಯ ನಡುವಿನಿಂದ ನಾನೇ ಓಡಿಸುತ್ತೇನೆ, ನೋಡುವವರು ನೋಡಲಿ ಎಂದೆ.

ಹೊಸ ಬ್ಯಾಟರಿ ಹಾಕಿಸಿ, ಎಣ್ಣೆ ಬದಲಿಸಿ ಕೀಲಿ ತಿರುಗಿಸಿದರೆ ಎಂಜಿನ್ ಕೆಮ್ಮಿತು, ಸೀನಿತು, ಆಮೇಲೆ ಓಡಿತು. ನನ್ನ ಗಂಡ ಗಂಜಿ ಹಾಕಿದ ಬಿಳಿ ಪಂಚೆ ಉಟ್ಟು ಎಡಗಡೆ ಕೂತರು. ಅವರಿಗೆ ಡ್ರೈವಿಂಗ್ ಬಾರದು. ನನ್ನಲ್ಲಿ ಕಲಿಯಲು ಬಂದು ಕಲಿಯದೆ ಹೋದ ಏಕೈಕ ವಿದ್ಯಾರ್ಥಿ ಅವರು. ಆದರೆ ಕಾಲ ಬುಡದಲ್ಲಿ ಬ್ರೇಕ್ ಕಂಡರೆ ಸುಮ್ಮನೆ ಕೂರುವ ಗಂಡಸು ಎಲ್ಲಿದ್ದಾನೆ?

ಬಸ್‌ಸ್ಟ್ಯಾಂಡಿನ ಹತ್ತಿರ ಮುಂದಿನ ಬಸ್ಸು ಗಕ್ಕನೆ ನಿಂತಿತು. ನಾನು ಬ್ರೇಕ್ ಒತ್ತಿದೆ. ಅವರೂ ಹೆದರಿ ಎರಡು ಕಾಲಲ್ಲೂ ಒತ್ತಿದರು. ಒಂದು ಪಾದವೂ ಬ್ರೇಕಿನ ಮೇಲೆ ಬೀಳಲಿಲ್ಲ. ನೆಲ್ಯಾಡಿಯ ರಬ್ಬರು ಹರಿದು ಎರಡೂ ಕಾಲು ಮೊಣಕಾಲಿನವರೆಗೆ ಇಳಿದು ಪುತ್ತೂರಿನ ಮುಖ್ಯರಸ್ತೆಯ ಮೇಲೆ ನಿಂತವು. ಎಂಜಿನ್ ಕೂಡ ನಿಂತಿತು. ಮತ್ತೆ ಹೊತ್ತಿಕೊಳ್ಳಲಿಲ್ಲ. ಕಾಲು ಮೇಲೆಳೆಯಲು ನೋಡಿದರೆ ತುಕ್ಕಿನ ಅಂಚಿಗೆ ಪಂಚೆ ಸಿಕ್ಕಿಕೊಂಡಿದೆ. ಪಂಚೆ ಬಿಟ್ಟುಕೊಟ್ಟರೆ ಕಾಲು ಬರುತ್ತದೆ, ಆದರೆ ಪೇಟೆಯ ನಡುವೆ ಪಂಚೆ ಬಿಡುವುದಾದರೂ ಹೇಗೆ?

ಹಿಂದೆ ಹಾರ್ನುಗಳ ಜಾತ್ರೆಯಾಯಿತು. ನಾಲ್ಕೈದು ಮಂದಿ ಬಂದು ಕಾರನ್ನು ಬದಿಗೆ ತಳ್ಳತೊಡಗಿದರು. ನಾನು ಸ್ಟಿಯರಿಂಗ್ ಹಿಡಿದು ನೇರ ಕೂತೆ. ನಡೆಯಿರಿ ಎಂದೆ ಗಂಡನಿಗೆ. ಬೇರೆ ದಾರಿಯಿರಲಿಲ್ಲ. ಸೀಟಿನಲ್ಲಿ ಕೂತಂತೆಯೇ ಅವರು ರಸ್ತೆಯ ಮೇಲೆ ಪುಟ್ಟ ಹೆಜ್ಜೆ ಹಾಕುತ್ತಾ ಬಂದರು. ಹೊರಗಿನವರಿಗೆ ಕಂಡದ್ದು ನಾಲ್ಕು ಚಕ್ರ, ನಡುವೆ ಎರಡು ಚಪ್ಪಲಿ.

ಬದಿಗೆ ನಿಂತ ಮೇಲೆ ಒಬ್ಬರು ರಿಕ್ಷಾದವರು ಬಗ್ಗಿ ಚಪ್ಪಲಿಗಳನ್ನು ನೋಡಿದರು, ಎದ್ದು ಕಿಟಕಿಯಲ್ಲಿ ಮುಖ ನೋಡಿದರು. ಜನ ಸೇರಿದ್ದರು. ರಿಕ್ಷಾದವರು ಎಲ್ಲರಿಗೂ ಕೇಳುವಂತೆ, ಇಂಥದ್ದನ್ನು ರಸ್ತೆಗೆ ತರುದಾ ಮಾರಾಯ್ರೆ, ತಗೊಂಡು ಹೋಗಿ ಗುಜರಿಗೆ ಹಾಕಿ ಎಂದರು.

ನಾವು ಹೊರಟದ್ದು ಅಲ್ಲಿಗೇ. ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಗಂಡನ ಕಿವಿ ಕೆಂಪಾಯಿತು. ಮನೆಯೊಳಗೆ ವರ್ಷಗಟ್ಟಲೆ ತಾವೇ ಹೇಳಿದ್ದ ಮಾತು ಹೊರಗಿನವರ ಬಾಯಲ್ಲಿ ಬಂದದ್ದು ಅವರಿಗೆ ಸಹಿಸಲಾಗಲಿಲ್ಲ.

“ಗುಜರಿಗೆ ಯಾಕೆ ಹಾಕುದು? ನಿಮಗೆಂತ ಕಷ್ಟ?” ಎಂದು ಗುಡುಗಿದರು. “ಇದು ಸರಿ ಮಾಡಿಸ್ಲಿಕ್ಕೆ ಉಂಟು. ನಿಮ್ಮ ಊರಿನ ಅರ್ಧ ಹೆಂಗಸರು ಇದರಲ್ಲಿ ಕಲಿತದ್ದು.”

ರಿಕ್ಷಾದವರು ಒಂದು ಹೆಜ್ಜೆ ಹಿಂದೆ ಸರಿದು, ಹಾಗಾದ್ರೆ ಕಾರು ನಿಮ್ಮದಾ ಎಂದು ಮೆಲ್ಲಗೆ ಕೇಳಿದರು.

“ಅಲ್ಲ,” ಎಂದರು ನನ್ನ ಗಂಡ. “ಕಾರು ಇವಳದ್ದು. ಕಾಲು ಮಾತ್ರ ನನ್ನದು.”