ಭಾಗೀರಥಿಯನ್ನು ಊರಿಗೆ ಕಳುಹಿಸಿದ ಮಹನೀಯರಿಗೆ

ಮೈಲಾಪೂರ್, ಚೆನ್ನೈ
ಜುಲೈ 2003

‘ಮಹಾಕಾದಂಬರಿ ಮರಿಮಾಲೆ’ಯ ಸಂಕ್ಷೇಪಕರ ಸನ್ನಿಧಿಗೆ,

ಮಾನ್ಯರೇ,

ನಾನೂರ ಹನ್ನೆರಡು ಪುಟಗಳ ಕಾದಂಬರಿಯನ್ನು ನಲವತ್ತೆಂಟಕ್ಕೆ ಇಳಿಸುವಾಗಲೂ ಕೈ ನಡುಗದ ತಮಗೆ, ತಮ್ಮ ಕತ್ತರಿಗೆ ಮತ್ತು ಆ ಕತ್ತರಿಗೆ ಸಾಣೆ ಹಿಡಿದುಕೊಟ್ಟವರಿಗೆ ಈ ಬಡ ಓದುಗನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ಪುಸ್ತಕಗಳಲ್ಲಿ ಸರ್ವರೂ ಸದಾ ಕ್ಷೇಮವಾಗಿಯೇ ಇರುವುದರಿಂದ ಬೇರೆ ರೀತಿ ಊಹಿಸುವ ಧೈರ್ಯ ನನಗಿಲ್ಲ.

ನನ್ನ ಹೆಸರು ಕೃಷ್ಣರಾಜ. ಉಡುಪಿ ಕಡೆಯವನು. ಇಲ್ಲಿ ದೇವಸ್ಥಾನದ ಕೊಳದ ಹಿಂದಿನ ಬೀದಿಯಲ್ಲಿ ಮೂವತ್ತೈದು ವರ್ಷ ಸಸ್ಯಾಹಾರಿ ಹೋಟೆಲು ನಡೆಸಿ, ಈಗ ಅದನ್ನು ಮಗ ಮಿಥುನನಿಗೆ ಒಪ್ಪಿಸಿ, ಹೋಟೆಲಿನ ಮಹಡಿಯ ಮೇಲಿನ ಮನೆಯಲ್ಲಿ ಕುಳಿತು ಕೆಳಗಿನ ಸಾಂಬಾರಿನ ವಾಸನೆಯಲ್ಲಿ ತಪ್ಪು ಹುಡುಕುತ್ತಿರುವವನು. ಮಿಥುನ ಓದಿದ್ದೆಲ್ಲ ಇಲ್ಲಿಯೇ ಆದ್ದರಿಂದ ಅವನಿಗೆ ಕನ್ನಡ ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವನ ಮಗಳು, ಹತ್ತು ವರ್ಷದ ಅನ್ವಿತಾ, ಕನ್ನಡವನ್ನು ಪೂರ್ತಿ ಅರ್ಥ ಮಾಡಿಕೊಂಡು ಪೂರ್ತಿ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ನಮ್ಮ ಮನೆಯ ಕನ್ನಡದ ಓದು ನನ್ನ ತಲೆಗೇ ಮುಗಿದುಹೋದೀತೆಂಬ ಭಯ ನನಗೆ ಬಹಳ ದಿನದಿಂದ ಇತ್ತು. ಅದನ್ನು ಮುಚ್ಚಿಟ್ಟು ಏನಾಗಬೇಕಾಗಿದೆ.

ಆದ್ದರಿಂದ, ಒಂದು ಬದಿಯಲ್ಲಿ ತಮಿಳಿನಲ್ಲಿ ದಿನದ ವಿಶೇಷ ತಿಂಡಿಯನ್ನು ಬರೆಯುವ ನಮ್ಮ ಹೋಟೆಲಿನ ಕರಿಹಲಗೆಯ ಹಿಂಬದಿಯಲ್ಲಿ ಅ ಆ ಇ ಈ ಬರೆದು ಎರಡು ವರ್ಷ ಆ ಮಗುವಿಗೆ ಅಕ್ಷರ ಕಲಿಸಿದೆ. ಒಂದು ಬೆಳಿಗ್ಗೆ ಹಲಗೆ ಹಿಂದುಮುಂದಾಗಿ ನೇತುಬಿದ್ದಾಗ ಹಳೆಯ ಗಿರಾಕಿಯೊಬ್ಬರು ಕಕಾರದ ಬಳ್ಳಿಯನ್ನು ತೋರಿಸಿ ಅದನ್ನೇ ಒಂದು ಪ್ಲೇಟ್ ತರಲು ಹೇಳಿದ್ದೂ ಉಂಟು. ಅಕ್ಷರ ಕೂಡಿಕೊಂಡ ಮೇಲೆ ಓದಲು ಪುಸ್ತಕ ಬೇಕಲ್ಲ. ಕಳೆದ ನವೆಂಬರಿನಲ್ಲಿ ಇಲ್ಲಿನ ಕನ್ನಡಿಗರ ರಾಜ್ಯೋತ್ಸವಕ್ಕೆ ಬಂದಿದ್ದ ಮಳಿಗೆಯಲ್ಲಿ, ‘ಎಳೆಯರು ಓದಲೇಬೇಕಾದ ಹತ್ತು ಮಹಾಕಾದಂಬರಿಗಳು’ ಎಂಬ ತಮ್ಮ ಹತ್ತು ಪುಸ್ತಕಗಳ ಕಟ್ಟನ್ನು ಕಂಡು ದೇವರನ್ನೇ ಕಂಡಷ್ಟು ಸಂತೋಷವಾಯಿತು. ಅದರಲ್ಲಿ ನಾನು ಹನ್ನೆರಡನೆಯ ವಯಸ್ಸಿನಲ್ಲಿ ಅಟ್ಟದ ಮೇಲೆ ಕುಳಿತು ಓದಿದ ‘ಕಡವಿನ ಭಾಗೀರಥಿ’ಯೂ ಇತ್ತು.

ತಮ್ಮ ಕೌಶಲವನ್ನು ಎಷ್ಟು ಹೊಗಳಿದರೂ ಕಡಿಮೆ. ಮೈಲಾಪೂರಿನಿಂದ ನಗರದ ಇನ್ನೊಂದು ತುದಿಯ ಮಣಲಿಗೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಐದು ಮಹಾಕಾದಂಬರಿಗಳನ್ನೂ, ಬರುವಷ್ಟರಲ್ಲಿ ಉಳಿದ ಐದನ್ನೂ ಮುಗಿಸಬಹುದು. ಮೂಲದಲ್ಲಿ ಭಾಗೀರಥಿ ತೇಲಿ ಬಂದ ದೋಣಿಯಲ್ಲಿ ಸಿಕ್ಕಿದ ಕೂಸು. ಕಡವಿನಲ್ಲಿ ದೋಣಿ ನಡೆಸುತ್ತ, ತನ್ನಂತೆಯೇ ದಿಕ್ಕಿಲ್ಲದ ಹುಡುಗನೊಬ್ಬನನ್ನು ಸಾಕಿ, ಮಳೆಗಾಲದ ನೆರೆಯಲ್ಲಿ ಊರವರನ್ನೆಲ್ಲ ದಾಟಿಸಿ, ಕೊನೆಗೆ ಜ್ವರದಲ್ಲಿ ತೀರಿಕೊಳ್ಳುತ್ತಾಳೆ. ತಾವು ಇಷ್ಟನ್ನೂ ಎಳೆಯರ ಮನಸ್ಸಿಗೆ ನೋವಾಗದಂತೆ ತಿದ್ದಿದ್ದೀರಿ. ನೆರೆಯನ್ನು ತುಂತುರು ಮಳೆ ಮಾಡಿದ್ದೀರಿ. ಅವಳ ದೋಣಿಗೆ ಬೆಂಕಿ ಇಟ್ಟ ಪಟೇಲರ ಕೈಯಲ್ಲಿ ಮಕ್ಕಳಿಗೆ ಲಾಡು ಹಂಚಿಸಿದ್ದೀರಿ. ಜನ್ಮದಲ್ಲಿ ಒಬ್ಬರ ಮಾತನ್ನೂ ಕೇಳದ ಆ ಹೆಂಗಸಿನ ಕಥೆಯ ಕೆಳಗೆ ‘ನೀತಿ: ಹಿರಿಯರ ಮಾತನ್ನು ಕೇಳಬೇಕು’ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದೀರಿ. ಎಲ್ಲಕ್ಕೂ ಕಳಶವಿಟ್ಟಂತೆ, ಅವಳ ಮರಣವಿದ್ದ ಇಪ್ಪತ್ತೇಳನೆಯ ಅಧ್ಯಾಯದ ಜಾಗದಲ್ಲಿ ‘ಭಾಗೀರಥಿ ತನ್ನ ಊರಿಗೆ ಹೋದಳು’ ಎಂಬ ಒಂದೇ ವಾಕ್ಯವನ್ನು ಪ್ರತಿಷ್ಠಾಪಿಸಿದ್ದೀರಿ. ಅವಳಿಗೆ ಊರೇ ಇಲ್ಲವೆಂಬುದು ಕಾದಂಬರಿಯ ಮೊದಲನೆಯ ಅಧ್ಯಾಯ. ತಾವು ಅದನ್ನು ಮೊದಲೇ ತೆಗೆದುಹಾಕಿದ್ದರಿಂದ ಅಡ್ಡಿಯಾಗಲಿಲ್ಲ.

ಆದರೆ ತಮ್ಮ ಕಲಾವಿದರು, ಪಾಪ, ಮೂಲವನ್ನು ಓದಿಬಿಟ್ಟಿದ್ದರೆಂದು ಕಾಣುತ್ತದೆ. ಕಥೆಯ ಕೊನೆಯ ಪುಟದ ಚಿತ್ರದಲ್ಲಿ ಸಾಕಿದ ಹುಡುಗ ಭಾಗೀರಥಿಯ ಫೋಟೋದ ಎದುರು ಕೈಮುಗಿದು ನಿಂತಿದ್ದಾನೆ, ಫೋಟೋಕ್ಕೆ ಹಾರ ಹಾಕಿದೆ. ಅನ್ವಿತಾ ಅದರ ಮೇಲೆ ಬೆರಳಿಟ್ಟು, “ಊರುಕ್ಕುದಾನೇ ಪೋನಾಂಗ? ಅಪ್ಪುರಂ ಫೋಟೋವುಕ್ಕು ಏನ್ ಮಾಲೆ?” ಎಂದಳು. ಊರಿಗೇ ಹೋದದ್ದಾದರೆ ಫೋಟೋಕ್ಕೆ ಮಾಲೆ ಯಾಕೆ ಎಂದು ಪ್ರಶ್ನೆ. ಗಿರಾಕಿಗಳಿಗೆ ನಿನ್ನೆಯ ಚಟ್ನಿಯನ್ನು ಇವತ್ತಿನದೆಂದು ಒಮ್ಮೆಯೂ ಹೇಳದ ನಾನು, ತಮ್ಮ ಪುಸ್ತಕದ ಮರ್ಯಾದೆ ಉಳಿಸಲು, ಊರಿಗೆ ಹೋದವರು ಸುಖವಾಗಿ ಮರಳಿ ಬರಲೆಂದು ಹಿಂದೆಲ್ಲ ಹಾಗೆ ಹಾರ ಹಾಕುತ್ತಿದ್ದರು ಎಂದು ಸುಳ್ಳು ಹೇಳಿದೆ.

ಡಿಸೆಂಬರಿನಲ್ಲಿ ಮಿಥುನ ಒಂದು ಮದುವೆಗೆಂದು ಉಡುಪಿಗೆ ಹೋದ. ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಚಂದ್ರಮತಿ ಸ್ನಾನ ಮಾಡಿ ದೀಪ ಹಚ್ಚಲೆಂದು ಹಜಾರಕ್ಕೆ ಬಂದರೆ, ಗೋಡೆಯ ಮೇಲೆ ನಗುತ್ತಿರುವ ಮಗನ ಫೋಟೋಕ್ಕೆ ಒಂದು ಮೊಳ ಕನಕಾಂಬರದ ಮಾಲೆ. ಅವಳು ಕೈಯಲ್ಲಿದ್ದ ಎಣ್ಣೆಯ ಗಿಂಡಿಯನ್ನು ಬಿಟ್ಟಳು. ಯಾರು ಹಾಕಿದ್ದೆಂದು ಕೇಳಿದ್ದಕ್ಕೆ ಅನ್ವಿತಾ ಬಹಳ ವಿನಯದಿಂದ, “ಅಪ್ಪಾ ಊರುಕ್ಕು ಪೋಯಿರುಕ್ಕಾರು, ಅಜ್ಜದಾನ್ ಸೊನ್ನಾರು” ಎಂದು, ಅಜ್ಜನೇ ಹೇಳಿದ್ದೆಂದು, ನನ್ನ ಕಡೆ ಕೈ ತೋರಿಸಿದಳು. ಚಂದ್ರಮತಿ ಆಗಿಂದಾಗಲೇ ಉಡುಪಿಗೆ ಫೋನು ಮಾಡಿಸಿದಳು. ಆ ಕಡೆಯಿಂದ ಮಗ “ಎಂತ ಅಮ್ಮ, ಎಂತ ಆಯ್ತು?” ಎಂದು ಗಾಬರಿಯಿಂದ ಕೇಳಿದರೆ, ಬೆಳಗಿನ ಏಳೂವರೆಗೆ ಇವಳು “ಎಂತ ಇಲ್ಲ, ನಿನ್ನದು ಊಟ ಆಯ್ತಾ?” ಎಂದು ಕೇಳಿ ಫೋನಿಟ್ಟು ಅತ್ತಳು. ಆಮೇಲೆ ನನ್ನ ಮರ್ಯಾದೆಯನ್ನು ಅವಳು ಎಷ್ಟು ಪುಟಕ್ಕೆ ಸಂಕ್ಷೇಪಿಸಿದಳೆಂಬುದನ್ನು ಇಲ್ಲಿ ಬರೆಯುವುದಿಲ್ಲ.

ಅದರೊಂದಿಗೆ ನಾನು ತಮ್ಮ ಪರವಾಗಿ ಸುಳ್ಳು ಹೇಳುವುದನ್ನು ಬಿಟ್ಟೆ. ಮೂಲ ಕಾದಂಬರಿ ಇದ್ದದ್ದು ಅಂಬತ್ತೂರಿನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಭಟ್ಟನಾಗಿದ್ದ ಹಳೆಯ ಗೆಳೆಯ ಕಿಟ್ಟಣ್ಣನ ಬಳಿ. ನನ್ನದೇ ಪ್ರತಿ. ಎಪ್ಪತ್ತೊಂದರಲ್ಲಿ, ಓದಿ ನಾಳೆ ಕೊಡುತ್ತೇನೆಂದು ಒಯ್ದದ್ದು. ಜನವರಿಯಲ್ಲಿ ಎರಡು ಬಸ್ಸು ಬದಲಿಸಿ ಹೋಗಿ ಕೇಳಿದಾಗ ಅವನು ಪೆಟ್ಟಿಗೆಯ ತಳದಿಂದ ಅದನ್ನು ತೆಗೆದು, ಪಂಚೆಯಿಂದ ಒರೆಸಿ, “ಕೊಂಡು ಹೋಗಿ ಮಾರಾಯ್ರೆ, ಆದ್ರೆ ಇಪ್ಪತ್ತೇಳನೇ ಅಧ್ಯಾಯ ಮಾತ್ರ ಮಗುವಿಗೆ ಹೊಟ್ಟೆಗೆ ಹಾಕಿದ ಮೇಲೆಯೇ ಓದ್ಲಿಕ್ಕೆ ಕೊಡಿ” ಎಂದ. ತಮ್ಮ ಇಡೀ ಸಂಕ್ಷೇಪ ವಿಭಾಗಕ್ಕೆ ಹೊಳೆಯದ ವಿಚಾರ ಒಬ್ಬ ಅಡುಗೆಯವನಿಗೆ ಹೊಳೆಯಿತು. ದುಃಖವನ್ನು ತೆಗೆದುಹಾಕಬೇಕಾಗಿಲ್ಲ, ಖಾಲಿ ಹೊಟ್ಟೆಗೆ ಬಡಿಸಬಾರದು, ಅಷ್ಟೆ.

ಹಾಗೆಂದು ತಮ್ಮ ವಿದ್ಯೆಯನ್ನು ನಾನು ಹೀಗಳೆಯುವವನಲ್ಲ. ಅದು ಕಾದಂಬರಿಗಳ ಮೇಲೆ ವ್ಯರ್ಥವಾಗುತ್ತಿದೆಯಲ್ಲಾ ಎಂಬುದಷ್ಟೇ ನನ್ನ ಸಂಕಟ. ತಾವು ದಯಮಾಡಿ ಚೆನ್ನೈಗೆ ಬಂದು, ಇಪ್ಪತ್ತೈದು ದಿನಗಳ ಇಲ್ಲಿನ ಅಗ್ನಿನಕ್ಷತ್ರದ ಬಿಸಿಲನ್ನು ಒಂದು ಮಧ್ಯಾಹ್ನಕ್ಕೆ ಇಳಿಸಿಕೊಡಬೇಕು. ನಮ್ಮ ರೈಲು ನಿಲ್ದಾಣದ ಮೆಟ್ಟಿಲುಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಉಳಿಸಿಕೊಂಡು ಮಿಕ್ಕದ್ದನ್ನು ಎಳೆಯರ ಮತ್ತು ಮುದುಕರ ಹಿತದೃಷ್ಟಿಯಿಂದ ಕೈಬಿಡಬೇಕು. ನೀರಿನ ಲಾರಿಯ ಮುಂದೆ ನಿಂತ ಕೊಡಗಳ ಸಾಲನ್ನು ‘ಎಲ್ಲರಿಗೂ ನೀರು ಸಿಕ್ಕಿತು’ ಎಂಬ ಒಂದು ವಾಕ್ಯದಲ್ಲಿ ಮುಗಿಸಬೇಕು. ಚಂದ್ರಮತಿ ತನ್ನ ತಂಗಿಯ ಮದುವೆಯ ವರ್ಣನೆಯನ್ನು ಎಪ್ಪತ್ತನಾಲ್ಕರಿಂದ ಮಾಡುತ್ತಿದ್ದಾಳೆ. ಅದಕ್ಕೆ ಕತ್ತರಿ ಹಾಕಲು ಮುಂದಾದರೆ ತಮ್ಮ ಧೈರ್ಯಕ್ಕೆ ಮೆಚ್ಚಿ ಶಾಲು ಹೊದಿಸುತ್ತೇನೆ. ಪ್ರತಿಯಾಗಿ ನಮ್ಮ ಹೋಟೆಲಿನಲ್ಲಿ ತಮಗೆಂದೇ ಮರಿಸಾಂಬಾರು ಮಾಡಿಸುವ ಏರ್ಪಾಡಾಗಿದೆ. ಮೆಣಸು ಕಣ್ಣೀರು ತರಿಸುತ್ತದೆ, ಹುಣಸೆ ಹಲ್ಲಿಗೆ ಹುಳಿ, ಬೇಳೆ ಜೀರ್ಣಕ್ಕೆ ಕಷ್ಟ. ಅಷ್ಟನ್ನೂ ತೆಗೆದು, ಉಳಿದ ಬಿಸಿನೀರನ್ನು ಬಟ್ಟಲಿಗೆ ಹಾಕಿ, ಪಕ್ಕದಲ್ಲಿ ಸಾಂಬಾರಿನ ಬಣ್ಣದ ಚಿತ್ರವೊಂದನ್ನು ಇಡುತ್ತೇವೆ.

ಇನ್ನು ಮಗುವಿನ ವಿಷಯ. ಫೆಬ್ರವರಿಯಿಂದ ದಿನಾ ಸಂಜೆ ಶಾಲೆಯಿಂದ ಬಂದ ಮೇಲೆ ಎರಡು ಮೂರು ಪುಟ, ಸಾಲಿನ ಕೆಳಗೆ ಬೆರಳಿಟ್ಟು, ಒತ್ತಕ್ಷರ ಬಂದಲ್ಲೆಲ್ಲ ಎಡವಿ, ಎದ್ದು, ನನ್ನ ಮುಖ ನೋಡಿ ಮುಂದುವರಿಯುತ್ತಿದ್ದಳು. ಪಟೇಲರು ದೋಣಿಗೆ ಬೆಂಕಿ ಇಟ್ಟ ದಿನ ಸಿಟ್ಟಿನಲ್ಲಿ ತಿಂಡಿ ಮುಟ್ಟಲಿಲ್ಲ. ನೆರೆ ಬಂದಾಗ ಮೂರು ಪುಟದ ಬದಲು ಹನ್ನೊಂದು ಓದಿದಳು. ಇಪ್ಪತ್ತಾರನೆಯ ಅಧ್ಯಾಯ ಮುಗಿದ ವಾರವೇ ನನ್ನ ಬಲಗಣ್ಣಿನ ಪೊರೆ ತೆಗೆಸಬೇಕಾಗಿ ಬಂತು. ಪಟ್ಟಿ ಕಟ್ಟಿ ಮನೆಗೆ ಕಳುಹಿಸುವಾಗ ಡಾಕ್ಟರು, “ಒರು ವಾರಂ ಕಣ್ಣುಲೆ ತಣ್ಣಿ ಪಡಕ್ಕೂಡಾದು” ಎಂದು, ಒಂದು ವಾರ ಕಣ್ಣಿಗೆ ನೀರು ತಾಗಬಾರದೆಂದು ಎಚ್ಚರಿಸಿದರು. ಅನ್ವಿತಾ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಅಂದಿನಿಂದ ಬಚ್ಚಲಿನ ಬಾಗಿಲಿಗೆ ಅವಳ ಕಾವಲು. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ಸದ್ದಾದರೆ ನನ್ನ ಕುರ್ಚಿಯನ್ನೇ ಎಳೆದುಕೊಂಡು ಹೋಗಿ ಬಾಲ್ಕನಿಯಲ್ಲಿ ಇಡುತ್ತಿದ್ದಳು.

ಅದೇ ವಾರದಲ್ಲಿ ಒಂದು ದಿನ ಪುಸ್ತಕವನ್ನು ಶಾಲೆಯ ಚೀಲದಲ್ಲಿ ಒಯ್ದು, ಸಂಜೆ ಕೆಂಪು ಕಣ್ಣು ಮಾಡಿಕೊಂಡು ಬಂದು, ವ್ಯಾನಿನಲ್ಲಿ ಧೂಳು ಎಂದಳು. ಮಾರನೆಯ ಸಂಜೆ ಕೆಳಗಿನಿಂದ ಎರಡು ಇಡ್ಲಿ ತಂದು ನನ್ನ ಮುಂದಿಟ್ಟು, “ಮೊದಲ್ಲ ಸಾಪ್ಪಿಡುಂಗ” ಎಂದು, ನಾನು ಹೇಳಿದ್ದ ಕಿಟ್ಟಣ್ಣನ ನಿಯಮವನ್ನು ನನ್ನ ಮೇಲೆಯೇ ತಿರುಗಿಸಿ, ಗದರಿ ತಿನ್ನಿಸಿ, ಇಪ್ಪತ್ತೇಳನೆಯ ಅಧ್ಯಾಯವನ್ನು ತೆರೆದಳು. ಆ ಅಧ್ಯಾಯ ನನಗೆ ಬಾಯಿಪಾಠ. ‘ನೀರು ಇಳಿದಿತ್ತು, ದೋಣಿ ಕಟ್ಟಿತ್ತು, ಹುಟ್ಟು ಹಾಕುವವಳು ಮಾತ್ರ ಎದ್ದಿರಲಿಲ್ಲ’ ಎಂದು ಅದು ಶುರುವಾಗುತ್ತದೆ. ಅನ್ವಿತಾ ಓದಿದ್ದು ಹೀಗೆ: “ನೀರು ಇಳಿದಿತ್ತು. ಭಾಗೀರಥಿಗೆ ಜ್ವರ ಬಿಟ್ಟಿತು. ಅವಳು ಎದ್ದಳು. ದೋಣಿಯಲ್ಲಿ ಊರಿಗೆ ಹೋದಳು. ಅಲ್ಲಿ ಎಲ್ಲರೂ ಅವಳಿಗೆ ಬಿಸಿ ಇಡ್ಲಿ ಕೊಟ್ಟರು.”

ಮಾನ್ಯರೇ, ಆ ಕಾದಂಬರಿಯಲ್ಲಿ ಎಲ್ಲಿಯೂ ಇಡ್ಲಿ ಇಲ್ಲ. ಅವಳ ಬೆರಳು ಸಾಲಿನ ಮೇಲೆ ಇರಲಿಲ್ಲ, ಒಂದು ಒತ್ತಕ್ಷರಕ್ಕೂ ಅವಳು ಎಡವಲಿಲ್ಲ. ಹುಟ್ಟಿದಂದಿನಿಂದ ನನಗೆ ತಮಿಳಿನಲ್ಲೇ ಉತ್ತರ ಕೊಟ್ಟ ಹುಡುಗಿ, ನನ್ನ ಕಣ್ಣಿಗೆ ನೀರು ತಾಗಬಾರದೆಂದು, ತನ್ನ ತಲೆಯಿಂದ ಐದಾರು ವಾಕ್ಯ ಕನ್ನಡವನ್ನು ನಿಂತ ಹಾಗೆ ಕಟ್ಟಿ ಹೇಳಿದಳು. ಊರಿಲ್ಲದ ಭಾಗೀರಥಿಯನ್ನು ಅವಳೂ ಊರಿಗೇ ಕಳುಹಿಸಿದಳು, ತಾವು ಮಾಡಿದ ಹಾಗೆಯೇ. ಆದರೆ ಮೂಲವನ್ನು ಪೂರ್ತಿ ಓದಿ, ಅತ್ತು ಮುಗಿಸಿ, ಆಮೇಲೆ ಕಳುಹಿಸಿದಳು. ತಾವು ಅತ್ತಿರೋ ಇಲ್ಲವೋ ನನಗೆ ತಿಳಿಯದು. ನಾನು “ಪಾಪ, ಊರಿಗೆ ಹೋದಳಲ್ಲ, ಒಳ್ಳೆಯದಾಯಿತು” ಎಂದೆ. ಪಟ್ಟಿಯ ಒಳಗೆ ಕಣ್ಣು ಒದ್ದೆಯಾಯಿತು. ಡಾಕ್ಟರಿಗೆ ಹೇಳಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ತಮ್ಮ ಮರಿಪುಸ್ತಕಗಳ ಕೊನೆಯಲ್ಲಿ ‘ನೀತಿ’ ಅಚ್ಚಾಗುವ ಜಾಗದಲ್ಲಿ, ‘ನಿಜ ಬೇಕಾದರೆ ದೊಡ್ಡ ಪುಸ್ತಕವನ್ನು ಓದು’ ಎಂಬ ಒಂದು ಸಾಲನ್ನು ಅಚ್ಚು ಹಾಕಬೇಕೆಂದು ಕೈಮುಗಿದು ಪ್ರಾರ್ಥಿಸುತ್ತೇನೆ. ಆ ಕಲಾವಿದರನ್ನು ಮಾತ್ರ ಯಾವ ಕಾರಣಕ್ಕೂ ಕೆಲಸದಿಂದ ತೆಗೆಯಬೇಡಿ.

ಒಂದೇ ಕಣ್ಣು ತೆರೆದು ಕೇಳಿ, ಎರಡರಲ್ಲೂ ಅತ್ತ,
ತಮ್ಮ ವಿಶ್ವಾಸಿ,
ಕೃಷ್ಣರಾಜ

ತಾ.ಕ.: ತಮ್ಮ ನಲವತ್ತೆಂಟು ಪುಟಗಳನ್ನು ಈ ಪತ್ರದೊಂದಿಗೆ ಹಿಂದಿರುಗಿಸಬೇಕೆಂದಿದ್ದೆ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಪುಸ್ತಕವನ್ನು ಅಂಚೆಗೆ ಕಟ್ಟಲೆಂದು ತೆಗೆದಾಗ, ಕಥೆ ಮುಗಿದ ಮೇಲಿನ ಪ್ರಶ್ನೆಗಳ ಪುಟದಲ್ಲಿ ‘ಭಾಗೀರಥಿ ಕೊನೆಗೆ ಎಲ್ಲಿಗೆ ಹೋದಳು? ಒಂದು ವಾಕ್ಯದಲ್ಲಿ ಉತ್ತರಿಸು’ ಎಂದು ತಾವು ಬಿಟ್ಟ ಜಾಗದಲ್ಲಿ ಅನ್ವಿತಾ ಪೆನ್ಸಿಲಿನಿಂದ ಬರೆದದ್ದು ಕಂಡಿತು. ಅದೊಂದು ಹಾಳೆಯನ್ನು ನಾನು ಇಟ್ಟುಕೊಂಡು ಉಳಿದ ನಲವತ್ತಾರು ಪುಟಗಳನ್ನು ಕಳುಹಿಸುತ್ತಿದ್ದೇನೆ. ತಮ್ಮ ಪುಸ್ತಕದಲ್ಲಿ ಸಂಕ್ಷೇಪಿಸಲು ಸಾಧ್ಯವಿಲ್ಲದ್ದು ಅದೊಂದೇ. ಒಂದು ವಾಕ್ಯವೆಂದು ತಾವು ಕೇಳಿದ್ದರೂ ಅವಳು ಎರಡು ಬರೆದಿದ್ದಾಳೆ: ‘ಸತ್ತು ಹೋದಳು. ಅಜ್ಜನಿಗೆ ಹೇಳಬೇಡಿ.’