ಗಿಂಕ್ಗೋ ಕಲ್ಯಾಣ

ಬಾಯಿ ಸುಮ್ಮನಿರದೆ ಕೆಟ್ಟವರ ಪಟ್ಟಿ ಮಾಡುವುದಾದರೆ ಬಾಬುರಾಯನಕೊಪ್ಪಲಿನ ಜವರಯ್ಯನ ಹೆಸರನ್ನೇ ಮೊದಲು ಬರೆದುಕೊಳ್ಳಿ. ಪಾಂಡವಪುರದ ಕಚೇರಿಯೊಂದರಲ್ಲಿ ಅವನು ಅಟೆಂಡರು. ಗುಮಾಸ್ತನಾಗಲು ಇಲಾಖೆ ಪರೀಕ್ಷೆ ಪಾಸಾಗಬೇಕು. ಮೂರು ಸಲ ಕೂತು, ಮೂರು ಸಲವೂ ಓದಿದ್ದೆಲ್ಲ ಮರೆತು ಎದ್ದು ಬಂದಿದ್ದ. ಈಗ ಉಳಿದಿದ್ದು ನಾಲ್ಕನೆಯ, ಕೊನೆಯ ಅವಕಾಶ.

ಊಟಿಯಲ್ಲಿ ಮಾಲಿಯಾಗಿದ್ದ ಭಾವಮೈದ ಆರು ತಿಂಗಳ ಹಿಂದೆ ಕುಂಡದಲ್ಲಿ ಗಿಂಕ್ಗೋ ಸಸಿ ತಂದುಕೊಟ್ಟು, "ಇದರ ಎಲೆಯಿಂದ ಫಾರಿನ್ನಲ್ಲಿ ಗ್ಯಾಪಕಶಕ್ತಿ ಮಾತ್ರೆ ಮಾಡ್ತಾರೆ ಭಾವ" ಎಂದಿದ್ದ. ಇದ್ದದ್ದು ಬೀಸಣಿಗೆಯಂಥ ಒಂಬತ್ತೇ ಎಲೆ. ಜವರಯ್ಯ ಅದನ್ನು ನೆರಳಲ್ಲಿಟ್ಟು ಮಗುವಿನಂತೆ ಸಾಕಿದ.

ಆ ಭಾನುವಾರ ಹೆಂಡತಿ ಮಾಯಮ್ಮ ನಾಗಮಂಗಲದ ತವರಿನಲ್ಲಿದ್ದಳು. "ನಾಳೆ ಪರೀಕ್ಷೆ, ಇವತ್ತು ಕಷಾಯ" ಎಂದುಕೊಂಡು ಬೆಳಿಗ್ಗೆಯೇ ಎಲೆಗೆ ಕೈ ಹಾಕಿದ. ಪಕ್ಕದ ಮನೆಯ ಜಯಲಕ್ಷ್ಮಮ್ಮ ಬೇಲಿಯಿಂದ ಇಣುಕಿದಳು.

"ಅದ್ಯಾವ ಗಿಡ ಜವರಣ್ಣ?"

ಯಾವುದೋ ಒಂದು ಎಂದಿದ್ದರೆ ಮುಗಿಯುತ್ತಿತ್ತು.

"ಮನುಷ್ಯ ಹುಟ್ಟಕ್ಕೂ ಕೋಟ್ಯಂತರ ವರ್ಸ ಮುಂಚಿನ್ ಜಾತಿ ಕಣಮ್ಮ. ಚೀನಾದಲ್ಲಿ ಬೀಜ ಹುರ್ಕೊಂಡು ತಿಂತಾರಂತೆ. ಹಣ್ಣು ಮಾತ್ರ ಗಬ್ಬು ನಾತ. ಗಂಡುಮರ ಬೇರೆ, ಹೆಣ್ಣುಮರ ಬೇರೆ. ಜೋಡಿ ಇಲ್ದಿದ್ರೆ ಬೀಜ ಕಟ್ಟಕಿಲ್ಲ."

"ಅಯ್ಯೋ ಶಿವನೇ! ಒಂಟಿ ಮರವ ನಮ್ ಬೇಲಿ ಪಕ್ಕ ಮಡಿಕಂಡಿದ್ದೀಯಾ? ಅದ್ಕೇ ನನ್ ಮಗಳಿಗೆ ಮೂರು ವರ್ಸದಿಂದ ಗಂಡು ಕೂಡ್ತಿಲ್ಲ!"

ಗಿಡ ಬಂದು ಆರೇ ತಿಂಗಳು ಎಂದು ಜವರಯ್ಯ ಹೇಳಿದ. ಕೇಳುವವರು ಯಾರು? ಅಷ್ಟರಲ್ಲಿ ಬೀದಿಗೇ ಹಿರಿಯಳಾದ ಬೈರಮ್ಮಜ್ಜಿ ಕೋಲೂರಿಕೊಂಡು ಬಂದಳು.

"ಗಂಡೋ ಹೆಣ್ಣೋ ಅದು?"

"ಗೊತ್ತಾಗಕ್ಕೆ ಇಪ್ಪತ್ತು ವರ್ಸ ಆಗ್ಬೇಕು ಕಣಜ್ಜಿ."

"ಅಲ್ಲೀಗಂಟ ನಾನು ಇರ್ತೀನೇನ್ಲಾ? ಕಟ್ಟೆ ಮೇಲಿರೋ ಬೇವು ಹೆಣ್ಣು. ಅಲ್ಲಿಗೆ ಇದು ಗಂಡು. ಅರಳೀಗೂ ಬೇವಿಗೂ ಮದ್ವೆ ಮಾಡಕಿಲ್ವಾ? ಇದ್ಕೂ ಅಂಗೇ ಮಾಡ್ಬುಡಾನ."

ಹತ್ತು ಗಂಟೆಗೆ ಗಿಡಕ್ಕೆ ಅರಿಶಿನ ಹಚ್ಚಿಯೂ ಆಯಿತು. ಜವರಯ್ಯ ಎಲೆಯತ್ತ ಕೈ ಚಾಚಿದ. ಅಜ್ಜಿಯ ಕೋಲು ಮಣಿಕಟ್ಟಿಗೆ ಬಿತ್ತು.

"ಅರಿಶಿನ ಹಚ್ಚಿದ ಮದುಮಗನ ಮೈ ಕೀಳ್ತೀಯೇನ್ಲಾ? ತಾಳಿ ಕಟ್ಟೋಗಂಟ ಮುಟ್ಬೇಡ!"

ಜವರಯ್ಯ ಹಲ್ಲು ಕಚ್ಚಿದ. ಆಗಲಿ, ತಾಳಿ ಕಟ್ಟಿಸಿಯೇ ಕೀಳುತ್ತೇನೆ, ಈ ಸಲ ಪಾಸಾಗದೆ ಬಿಡುವವನಲ್ಲ ಎಂದು ಪಂಚೆ ಎತ್ತಿ ಕಟ್ಟಿದ. ತೆಂಗಿನಕಾಯಿ, ಬೆಲ್ಲ, ಬಾಳೆಹಣ್ಣು ತಾನೇ ತಂದ. ವರನ ತಂದೆಯಾಗಿ ಕುಂಡವನ್ನು ತಲೆಯ ಮೇಲೆ ಹೊತ್ತು ತಮಟೆಯ ಹಿಂದೆ ಇಡೀ ಕೊಪ್ಪಲು ಸುತ್ತಿದ. ಸುಸ್ತಾಗಿ ಕುಂಡ ಕೆಳಗಿಟ್ಟ ಗಳಿಗೆಯಲ್ಲೇ ಯಾರದೋ ಮೇಕೆ ಬಂದು ವರನ ಎಂಟು ಎಲೆ ಮೇಯ್ದುಬಿಟ್ಟಿತು. ಜವರಯ್ಯನಿಗೆ ಅಳುವೇ ಬಂತು. ಆದರೂ ಒಂದು ಎಲೆ ಉಳಿದಿದೆಯಲ್ಲ, ಸಾಕು ಎಂದು ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಕಟ್ಟೆ ಮುಟ್ಟಿದ.

ಮೂರು ಗಂಟೆಗೆ ಬೇವಿಗೆ ತಾಳಿ ಬಿತ್ತು. ಜಯಲಕ್ಷ್ಮಮ್ಮ ಆನಂದಬಾಷ್ಪ ಸುರಿಸಿದಳು. ಜವರಯ್ಯ ಅಜ್ಜಿಯ ಕಾಲಿಗೇ ಬಿದ್ದ.

"ಒಂದೇ ಒಂದು ಎಲೆ ಕಣಜ್ಜಿ. ತಿಂದ್ರೆ ಓದಿದ್ದೆಲ್ಲ ಗ್ಯಾಪಕ ಬತ್ತದಂತೆ. ನನ್ ಬದುಕೇ ಇದ್ರಾಗೈತೆ."

ಅಜ್ಜಿಯ ಮನಸ್ಸು ಕರಗಿತು. "ಹೆತ್ತೋನಂಗೆ ಸಾಕವ್ನೆ, ಕಿತ್ಕೊಳ್ಲಿ ಬುಡ್ರಿ."

ಕಷಾಯಕ್ಕೆ ಕಾಯುವ ತಾಳ್ಮೆ ಯಾರಿಗಿದೆ? ಹಸಿ ಎಲೆಯನ್ನೇ ಬಾಯಿಗೆ ಹಾಕಿ ಕಣ್ಣು ಮುಚ್ಚಿ ಅಗಿದ. ತಮಟೆ ನಿಂತಿತು. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ನೋಡನೋಡುತ್ತ ಆ ಮುಖ ಬಿಳಿಚಿಕೊಂಡಿತು.

"ಏನಾರ ಗ್ಯಾಪಕ ಬಂತೇನ್ಲಾ?" ಅಜ್ಜಿ ಕೇಳಿದಳು.

"ಬಂತು ಕಣಜ್ಜಿ," ಎಂದ ಜವರಯ್ಯ, ಕಟ್ಟೆಯ ಮೇಲೆ ಕುಸಿದು ಕೂರುತ್ತ. "ಪರೀಕ್ಷೆ ನಾಳೆ ಅಲ್ಲ. ಇವತ್ತು ಬೆಳಿಗ್ಗೆ ಹತ್ತು ಗಂಟೆಗೇ ಇತ್ತು."